ಅತ್ತೆಯ ಪ್ಲಾಟಿಗೆ ಹದಿನಾಲ್ಕು ಪ್ರಶ್ನೆಗಳು

ಏನಾದರೂ ಕೊಡುತ್ತೇನೆಂದು ಯಾರಾದರೂ ಮುಂದೆ ಬಂದಾಗ, ಪಡೆದುಕೊಳ್ಳುವವರಲ್ಲಿ ಎರಡು ಬಗೆ. ಒಂದು ಬಗೆಯವರು ಎರಡೂ ಕೈ ಒಡ್ಡಿ, ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು, ಮನೆಗೆ ಹೋದ ಮೇಲೆ ಅದೇನೆಂದು ಬಿಚ್ಚಿ ನೋಡುತ್ತಾರೆ. ಇನ್ನೊಂದು ಬಗೆಯವರು ಕೈ ಹಿಂದೆ ಕಟ್ಟಿಕೊಂಡೇ, "ಇದು ನಿಮ್ಮದೇ ಅನ್ನುವುದಕ್ಕೆ ಆಧಾರವೇನು?" ಎಂದು ಕೇಳುತ್ತಾರೆ. ಮೊದಲಿನವರ ಮನೆಗೆ ನೆಂಟರು ಹೆಚ್ಚು ಬರುತ್ತಾರೆ. ಎರಡನೆಯವರ ಮನೆಯಲ್ಲಿ ಫೈಲುಗಳು ಹೆಚ್ಚಿರುತ್ತವೆ. ನಾನು ಎರಡನೆಯ ಬಗೆಯವಳು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅದು ಕಳೆದ ನಾಗರ ಪಂಚಮಿಗೆ ಮುಗಿಯಿತು.

ನಾನು ಹಾನಗಲ್ಲಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಪುಸ್ತಕದ ಮೈಮೇಲೆ ಮೊಹರು, ನಂಬರು, ಬಂದ ದಿನ, ಹೋದ ದಿನ ಇಲ್ಲದಿದ್ದರೆ ಅದನ್ನು ಪುಸ್ತಕವೆಂದೇ ನಾನು ಒಪ್ಪುವುದಿಲ್ಲ. ಪ್ರಾಚಾರ್ಯರು ಒಮ್ಮೆ ಕಾರ್ಡಿಲ್ಲದೆ ಬಂದು ನಿಘಂಟು ಕೇಳಿದಾಗ, "ಸರ್, ಕಾರ್ಡು" ಎಂದೆ. ಅವರು ನಿಘಂಟು ಬಿಟ್ಟು ಹೋದರು. ನಾನು ಅದನ್ನೂ ಬರೆದಿಟ್ಟೆ. ಮನೆಯಲ್ಲೂ ಹೀಗೆಯೇ. ನನ್ನ ಕೋಣೆಯ ಗೋಡೆಗೂಡಿನಲ್ಲಿ ಹನ್ನೊಂದು ವರ್ಷದ ಹನ್ನೊಂದು ಡೈರಿಗಳಿವೆ. ಎಷ್ಟು ಸಲ ಕರೆಂಟು ಹೋಯಿತು, ಎಷ್ಟು ಬಸ್ಸು ತಪ್ಪಿದವು, ಯಾವ ಚಪ್ಪಲಿ ಎಷ್ಟು ತಿಂಗಳು ಬಾಳಿತು, ಎಲ್ಲ ಅದರಲ್ಲಿದೆ. ಹೋದ ವರ್ಷ ಅವ್ವ "ಮದುವಿ" ಎಂಬ ಮಾತನ್ನು ಇನ್ನೂರಾ ಹನ್ನೊಂದು ಸಲ ಆಡಿದ್ದಾಳೆ. ಅದರಲ್ಲಿ ಬೇರೆಯವರ ಮದುವೆಗೆ ಸಂಬಂಧಪಟ್ಟದ್ದು ಒಂಬತ್ತು.

ಇಂಥ ನನಗೆ ಶಾಂತತ್ತೆ ಒಂದು ಪ್ಲಾಟು ಕೊಡಲು ಹೊರಟಳು. ಶಾಂತತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಅಕ್ಕಿಆಲೂರಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಅವಳ ಕೊರಳಲ್ಲಿ ಅಳತೆ ಟೇಪು ಇಲ್ಲದ ಹೊತ್ತನ್ನು ನಾನು ಕಂಡಿಲ್ಲ. ಯಾರೇ ಎದುರಿಗೆ ಬಂದರೂ ಮುಖ ನೋಡುವ ಮೊದಲು ಹೆಗಲು ನೋಡುತ್ತಾಳೆ. ಯುಗಾದಿಯ ಮರುದಿನ ನಾನು ಅವಳ ಮನೆಗೆ ಹೋಗಿದ್ದಾಗ, ಮಷೀನು ತುಳಿಯುತ್ತಲೇ, ಮುಖ ಎತ್ತದೆ, ಅಕ್ಕಿ ಗಿರಣಿಯ ಹಿಂದಿನ ತನ್ನ ಮೂವತ್ತು-ನಲವತ್ತರ ಪ್ಲಾಟನ್ನು ನನ್ನ ಹೆಸರಿಗೆ ಬಕ್ಷೀಸ ಮಾಡಬೇಕೆಂದಿರುವುದಾಗಿ ಹೇಳಿದಳು. ದಾನಪತ್ರಕ್ಕೆ ನಮ್ಮ ಕಡೆ ಹಿರಿಯರು ಇಂದಿಗೂ ಬಕ್ಷೀಸಪತ್ರ ಎನ್ನುತ್ತಾರೆ. ಎರಡು ಕೋಣೆ, ಮುಂದೊಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಖುರ್ಚಿ, ನನ್ನದೇ ಒಂದು ಬಾಗಿಲು, ಅದಕ್ಕೆ ನಾನೇ ಹಾಕುವ ಚಿಲಕ ಎಂದು ಹತ್ತು ವರ್ಷದಿಂದ ಡೈರಿಯ ಕೊನೆಯ ಪುಟದಲ್ಲಿ ನಕ್ಷೆ ಬರೆಯುತ್ತ ಬಂದವಳು ನಾನು. ನಕ್ಷೆ ಹತ್ತು ಸಲ ಬದಲಾಗಿತ್ತು. ನೆಲ ಮಾತ್ರ ಒಮ್ಮೆಯೂ ಇರಲಿಲ್ಲ. ಆ ನೆಲ ಈಗ ಮಷೀನಿನ ಸದ್ದಿನ ನಡುವೆ ತಾನಾಗಿ ನನ್ನ ಕಡೆ ನಡೆದು ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅತ್ತೆಯ ಕಾಲಿಗೆ ಬೀಳುತ್ತಿದ್ದರು. ನಾನು, "ಕಾಗದ ಎಲ್ಲಾ ಸರಿ ಅದಾವೇನ, ಅತ್ತಿ?" ಎಂದೆ.

ಮಷೀನು ನಿಂತಿತು. ಅತ್ತೆ ಕನ್ನಡಕದ ಮೇಲಿನಿಂದ ನನ್ನ ಹೆಗಲು ನೋಡಿದಳು. ಆಮೇಲೆ ಎದ್ದು, ಟ್ರಂಕಿನಿಂದ ಒಂದು ಅರಿವೆ ಗಂಟು ತಂದು ನನ್ನ ತೊಡೆಯ ಮೇಲೆ ಇಟ್ಟು, "ತಗೋ. ನೋಡ್ಕೊಂತ ಕುಂದ್ರು" ಎಂದಳು. ಮಷೀನು ಮತ್ತೆ ಶುರುವಾಯಿತು, ಮೊದಲಿಗಿಂತ ಸ್ವಲ್ಪ ಜೋರಾಗಿ.

ಹಾನಗಲ್ಲಿನ ನೋಂದಣಿ ಕಚೇರಿಯ ಎದುರು, ತಗಡಿನ ನೆರಳಿನಲ್ಲಿ, ಖಾಜಾಸಾಬರು ಎಂಬ ಬಾಂಡ್ ರೈಟರು ಕೂತಿರುತ್ತಾರೆ. ಮೂವತ್ತು ವರ್ಷದಿಂದ ಈ ಭಾಗದ ಖರೀದಿ, ವಾಟ್ನಿ ಅಂದರೆ ಪಾಲುಪಟ್ಟಿ, ಬಕ್ಷೀಸು ಎಲ್ಲ ಅವರ ಕೈಬರಹದಲ್ಲಿ, ಈಗೀಗ ಅವರ ಕಂಪ್ಯೂಟರಿನಲ್ಲಿ, ಹಾದುಹೋಗಿವೆ. ಗಂಟನ್ನು ಅವರ ಮುಂದೆ ಬಿಚ್ಚಿದೆ. ಅವರು ಮೇಲೆ ಮೇಲೆ ನೋಡಿ, ನಾಲ್ಕು ಸಂಗತಿ ನೋಡಿದರೆ ಸಾಕು ಎಂದರು: ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಈಗ ಯಾರ ಹೆಸರಿದೆ, ಆ ಹೆಸರು ಅಲ್ಲಿಗೆ ಹೇಗೆ ಬಂತು, ಅದರ ಮೇಲೆ ಸಾಲ-ತಕರಾರು ಇದೆಯೇ, ನಾಲ್ಕೂ ಕಡೆ ಗಡಿ ಏನು. "ಬಕ್ಷೀಸಪತ್ರಕ್ಕ ಎರಡು ಕೈ ಬೇಕವ್ವಾ," ಎಂದರು. "ಕೊಡೂ ಕೈ ಒಂದು, ಒಪ್ಪಿಕೊಳ್ಳೂ ಕೈ ಒಂದು. ಒಪ್ಪಿಕೊಳ್ಳಲಿಲ್ಲ ಅಂದ್ರ ಅದು ಬರೇ ಕಾಗದ."

ನಾಲ್ಕು ಎಂದರೆ ನನಗೆ ಸಮಾಧಾನವಾಗುವುದಿಲ್ಲ. ಮನೆಗೆ ಬಂದು ಒಂದೊಂದನ್ನೂ ಬಿಡಿಸಿ ಬರೆದೆ. ನಾಲ್ಕು ಇದ್ದದ್ದು ಒಂಬತ್ತಾಯಿತು, ಊಟವಾದ ಮೇಲೆ ಹದಿಮೂರಾಯಿತು. ಹದಿಮೂರಕ್ಕೆ ನಿಲ್ಲಿಸಲು ಮನಸ್ಸು ಬಾರದೆ, ಪಡೆಯುವವರ ವಿಳಾಸದ ದಾಖಲೆ ಎಂದು ಹದಿನಾಲ್ಕನೆಯದನ್ನು ಸೇರಿಸಿದೆ. ನನಗೆ ಸಂಬಂಧಪಟ್ಟ ಪ್ರಶ್ನೆ ಅದೊಂದೇ. ಬಹಳ ಸುಲಭದ್ದು, ಕೊನೆಗೆ ನೋಡಿಕೊಂಡರಾಯಿತು ಎಂದುಕೊಂಡೆ. ಪಟ್ಟಿಯ ಒಂದು ಪ್ರತಿಯನ್ನು ಅತ್ತೆಗೂ ಕೊಟ್ಟೆ. ಮುಚ್ಚುಮರೆ ಇಲ್ಲದ ವ್ಯವಹಾರ ನನ್ನದು.

ಅತ್ತೆ ಅದನ್ನು ಬೆಳಕಿಗೆ ಹಿಡಿದು ಓದಿದಳು, ಬಟ್ಟೆಯ ನೇಯ್ಗೆ ನೋಡುವ ಹಾಗೆ. ಒಂಬತ್ತನೆಯ ಪ್ರಶ್ನೆಗೆ ನಿಂತಳು. "ಕೊಡುವವರು ಸ್ವಇಚ್ಛೆಯಿಂದ ಕೊಡುತ್ತಿದ್ದಾರೆಯೇ?" ಎಂದು ಅಲ್ಲಿತ್ತು.

"ಇಚ್ಛಾ ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಆಗಾಕತ್ತೈತಿ ಅಂತ ಬರಕೋ," ಎಂದಳು.

ನಾನು ಬರೆದುಕೊಳ್ಳಲಿಲ್ಲ. ಆದರೆ ಅವಳು ಅಷ್ಟಕ್ಕೆ ಬಿಡಲಿಲ್ಲ. ಪಟ್ಟಿಯನ್ನು ನಾಲ್ಕಾಗಿ ಮಡಿಚಿ ಮಷೀನಿನ ಡಬ್ಬಿಗೆ ಹಾಕಿ, ದಾರ ಕಡಿದು ಹೇಳಿದಳು: "ಉಡಿ ತುಂಬೂ ಹೊತ್ತಿನ್ಯಾಗ ಯಾರರೆ ಅಕ್ಕಿ ಆರಿಸ್ಕೊಂತ ಕುಂದರ್ತಾರೇನ, ಸುಮಾ? ಪಂಚಮಿ ಮಟಾ ನೋಡ್ತೇನಿ. ಆಮ್ಯಾಲ ನನ್ನ ಕ್ಲಾಸಿನ ಹುಡುಗ್ಯಾರ ಸಂಘಕ್ಕ ಬರದು ಕೊಡ್ತೇನಿ. ಅವ್ರು ಏನೂ ಕೇಳಂಗಿಲ್ಲ. ಗುಂಡಿ ಎಲ್ಲಿ ಹಚ್ಚಬೇಕು ಅಂತ ಅಷ್ಟ ಕೇಳ್ತಾರ."

ಅತ್ತೆ ಹೇಳಿದ್ದನ್ನು ಮಾಡುವವಳು. ಒಮ್ಮೆ ಗಿರಾಕಿಯೊಬ್ಬಳು ಕುಬಸ ಬಿಗಿಯಾಯಿತೆಂದು ಎರಡನೆಯ ಸಲ ಬಂದಾಗ, ಹೊಲಿಗೆ ಪೂರ್ತಿ ಬಿಚ್ಚಿ ಬಟ್ಟೆಯನ್ನು ಇಸ್ತ್ರಿ ಮಾಡಿ ಕೈಗೆ ಕೊಟ್ಟು ಕಳಿಸಿದ್ದಳು. ಪಂಚಮಿಗೆ ನನ್ನ ಕೈಯಲ್ಲಿ ಇನ್ನು ಹದಿನೈದು ವಾರಗಳಿದ್ದವು. ನಾನು ವಾರಗಳನ್ನು ಪಟ್ಟಿಯ ಕಲಮುಗಳಿಗೆ ಹಂಚಿದೆ.

ಮೊದಲನೆಯದು ಗಡಿ. ಅತ್ತೆಯ ಖರೀದಿಪತ್ರದ ಪ್ರಕಾರ ಪೂರ್ವಕ್ಕೆ ದಾರಿ, ಪಶ್ಚಿಮಕ್ಕೆ ಅಕ್ಕಿ ಗಿರಣಿಯ ಗೋಡೆ, ದಕ್ಷಿಣಕ್ಕೆ ಮಾರಿದವರ ಉಳಿದ ಜಾಗ, ಉತ್ತರಕ್ಕೆ ಬೇವಿನ ಗಿಡ. ಕಾಲೇಜಿನ ಆಟದ ಮೈದಾನದ ಉದ್ದನೆಯ ಟೇಪು ತೆಗೆದುಕೊಂಡು ಹೋದೆ, ರಜಿಸ್ಟರಿನಲ್ಲಿ ಸಹಿ ಮಾಡಿಯೇ. ದಾರಿ ಇತ್ತು, ಗೋಡೆ ಇತ್ತು. ಬೇವಿನ ಗಿಡ ಇರಲಿಲ್ಲ. ಉತ್ತರ ದಿಕ್ಕಿಗೆ ಗಡಿಯೇ ಇಲ್ಲದ ಪ್ಲಾಟೆಂದರೆ ಹಿಮಾಲಯದ ತನಕ ಅತ್ತೆಯದೇ ಎಂದು ಅರ್ಥವೋ, ಏನೂ ಇಲ್ಲವೆಂದು ಅರ್ಥವೋ ತಿಳಿಯದೆ ನಿಂತಿದ್ದಾಗ, ಗಿರಣಿಯಲ್ಲಿ ತೌಡು ತುಂಬುತ್ತಿದ್ದ ಹೆಂಗಸು ಬಂದು, ನಾನು ನಿಂತದ್ದೇ ಬೇವಿನ ಬುಡದ ಮೇಲೆ ಎಂದಳು. ಹೌದು, ಕಾಲಡಿಗೆ ಸವೆದ ಒಂದು ಬೊಡ್ಡೆ ಇತ್ತು. ಅಷ್ಟರಲ್ಲಿ ಅತ್ತೆ ಛತ್ರಿ ಹಿಡಿದು ಬಂದಳು. ಅವಳಿಗೆ ನನ್ನ ಟೇಪು ನೋಡಿಯೇ ಅವಮಾನವಾಯಿತು. ಈ ಜಾಗವನ್ನು ಅವಳು ಖರೀದಿಯ ದಿನ ತನ್ನ ಹೊಲಿಗೆ ಟೇಪಿನಿಂದಲೇ ಅಳೆದಿದ್ದಳಂತೆ. "ಎಂಟು ಟೇಪು ಉದ್ದ, ಆರು ಟೇಪು ಅಗಲ," ಎಂದಳು. "ಇಪ್ಪತ್ತು ಮಳಿಗಾಲ ತೊಯ್ದೈತಿ. ಒಂದು ಬಟ್ಟು ಕುಗ್ಗಿಲ್ಲ." ನಾನು ಅಳೆದೆ. ಕುಗ್ಗಿರಲಿಲ್ಲ. ಒಂದನೆಯ ಕಲಮಿಗೆ ಟಿಕ್ ಹಾಕಿದೆ. ಷರಾದಲ್ಲಿ "ಗಿಡ ಇಲ್ಲ, ಬೊಡ್ಡೆ ಇದೆ" ಎಂದು ಬರೆದೆ.

ಋಣಭಾರದ ಪ್ರಮಾಣಪತ್ರ ತೆಗೆಸಿದೆ. ಅದರಲ್ಲಿ ಸಾಲವಿಲ್ಲ, ತಕರಾರಿಲ್ಲ, ಅತ್ತೆಯ ಹೆಸರು ಬಿಟ್ಟರೆ ಇನ್ನೇನೂ ಇಲ್ಲ. ಖಾಜಾಸಾಬರು ಇನ್ನು ಬರೆಯೋಣವೇ ಎಂದರು. ನಾನು, ಕಾಗದದಲ್ಲಿ ಬರದ ತಕರಾರುಗಳೂ ಇರಬಹುದಲ್ಲ ಎಂದೆ. ಅವರು ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡು, ಇರಬಹುದು ಎಂದು ಒಪ್ಪಿಕೊಂಡರು. ಆ ಒಪ್ಪಿಗೆಯ ಧ್ವನಿ ನನಗೆ ಆಗ ಅರ್ಥವಾಗಲಿಲ್ಲ.

ಅತ್ತೆಗೆ ಜಾಗ ಮಾರಿದವರ ಮನೆತನ ಈಗ ಶಿಗ್ಗಾವಿಯಲ್ಲಿದೆ. ಅವರು ನಿಜವಾಗಿ ಮಾರಿದ್ದಾರೆಯೇ, ಮಾರಿದ್ದು ಅವರಿಗೆ ನೆನಪಿದೆಯೇ, ನೆನಪಿದ್ದರೂ ಮನಸ್ಸಿನಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಲು ಒಂದು ಶನಿವಾರ ಬಂಕಾಪುರದಲ್ಲಿ ಬಸ್ಸು ಬದಲಿಸಿ ಹೋದೆ. ಬಾಗಿಲು ತೆರೆದ ಮುದುಕಿ, ಮಾರಿದವರ ಹಿರಿಯ ಸೊಸೆ, ನನ್ನ ಕೈಯ ಫೈಲು ನೋಡಿ ರೇಷನ್ ಕಾರ್ಡಿನವಳೆಂದು ತಿಳಿದು ಆಧಾರ್ ತಂದಿಟ್ಟಳು. ಅಲ್ಲವೆಂದ ಮೇಲೆ ನನ್ನ ಜೊತೆಗೆ ಯಾರು ಹಿರಿಯರು ಬಂದಿದ್ದಾರೆ ಎಂದು ಹೊರಗೆ ಬಗ್ಗಿ ನೋಡಿದಳು. ಯಾವುದೋ ಸಂಬಂಧದ ಮಾತು ಇರಬೇಕೆಂದು ಅವಳ ಎರಡನೆಯ ಎಣಿಕೆ. ಪ್ಲಾಟಿನ ವಿಷಯ ಹೇಳಿದಾಗ ಅವಳಿಗೆ ನಿರಾಸೆಯಾದದ್ದು ಮುಖದಲ್ಲೇ ಕಂಡಿತು. ಮಾರಿದ್ದು ಹೌದು, ಶಾಂತವ್ವ ಒಳ್ಳೆಯವಳು, ಅವಳು ಹೊಲಿದ ಕುಬಸ ಇನ್ನೂ ಹರಿದಿಲ್ಲ ಎಂದು ಮೂರು ಮಾತಿನಲ್ಲಿ ನನ್ನ ಆರನೆಯ ಕಲಮು ಮುಗಿಸಿದಳು. ಆಮೇಲೆ ತನ್ನ ಮನೆಯ ಕಾಗದಗಳ ಪೆಟ್ಟಿಗೆಯನ್ನು ನನ್ನ ಮುಂದೆ ಸುರಿದು, ಇಷ್ಟು ತಿಳಿದವಳು ಇದನ್ನೂ ನೋಡು ಎಂದಳು. ಕೊನೆಯ ಬಸ್ಸಿನ ತನಕ ಕೂತು ಅವರ ಮೂವತ್ತೊಂದು ಕಾಗದಗಳನ್ನು ವರ್ಷವಾರು ಜೋಡಿಸಿ ದಾರ ಕಟ್ಟಿಕೊಟ್ಟೆ. ಒಗ್ಗರಣೆ ಅವಲಕ್ಕಿ ಎರಡು ಸಲ ಬಂತು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅತ್ತೆಯ ಗಂಟಿನಲ್ಲಿ ಒಂದು ಕಂದು ಬಣ್ಣದ ಕಾಗದ ಇತ್ತು, ಮೋಡಿ ಅಕ್ಷರದಲ್ಲಿ. ನಮ್ಮ ಕಡೆಯ ಹಳೆಯ ಪತ್ರಗಳು ಹಾಗೆಯೇ. ಕೈ ಎತ್ತದೆ ಬರೆದ ಮರಾಠಿ ಗೆರೆಗಳು, ಇರುವೆ ಸಾಲಿನಂತೆ ಕಾಣುತ್ತವೆ. ಎಲ್ಲಕ್ಕಿಂತ ಹಳೆಯದಾದ್ದರಿಂದ ಇದೇ ಮೂಲಪತ್ರವಿರಬೇಕೆಂದು ಅತ್ತೆ ಅದನ್ನು ಪ್ರತ್ಯೇಕ ಅರಿಷಿಣದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಮೂಲಪತ್ರ ಓದದೆ ಆಸ್ತಿ ಒಪ್ಪಿಕೊಳ್ಳುವುದೆಂದರೆ ಮುಖಪುಟ ಹರಿದ ಪುಸ್ತಕಕ್ಕೆ ಮೊಹರು ಹಾಕಿದ ಹಾಗೆ. ಸವಣೂರಿನಲ್ಲಿ ಮೋಡಿ ಓದುವ ಹಿರಿಯರೊಬ್ಬರು ಇದ್ದಾರೆಂದು ಖಾಜಾಸಾಬರೇ ಹೇಳಿದರು; ಹಿಂದೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಈಗ ಎಲೆ ಅಂಗಡಿಯಲ್ಲಿ ಕೂರುತ್ತಾರೆ. ಅವರು ಒದ್ದೆ ಗೋಣಿಯ ಮೇಲಿನ ಎಲೆಗಳನ್ನು ಬದಿಗೆ ಸರಿಸಿ, ಕೈ ಒರೆಸಿಕೊಂಡು, ಭೂತಗನ್ನಡಿ ಹಿಡಿದು ಎರಡು ಸಲ ಓದಿದರು. ನಾನು ಪೆನ್ನು ತೆರೆದು ಕಾದೆ.

"ಇದು ಎಮ್ಮಿ," ಎಂದರು.

ಬಲಗೊಂಬು ಮುರಿದ, ಎರಡನೆಯ ಸೂಲಿನ, ಹಣೆಯಲ್ಲಿ ಬಿಳಿ ಚುಕ್ಕೆಯ ಎಮ್ಮೆಯೊಂದನ್ನು ಯಾರೋ ಯಾರಿಗೋ ಸಂತೋಷದಿಂದ ಮಾರಿದ್ದರು. ಮುಂದೆ ಯಾವ ತಕರಾರೂ ಇಲ್ಲವೆಂದು ಇಬ್ಬರು ಸಾಕ್ಷಿಗಳು ರುಜು ಹಾಕಿದ್ದರು. ಇಂಥ ಚೊಕ್ಕ ಕಾಗದವನ್ನು ತಾವು ಬಹಳ ದಿನದಿಂದ ನೋಡಿರಲಿಲ್ಲವೆಂದೂ, ಎಮ್ಮೆ ಈಗ ಇದ್ದಿದ್ದರೆ ನಾನು ಕಣ್ಣುಮುಚ್ಚಿ ಹೊಡೆದುಕೊಂಡು ಹೋಗಬಹುದಿತ್ತೆಂದೂ ಆ ಹಿರಿಯರು ಹೇಳಿದರು. ನಗಲಿಲ್ಲ. ಎರಡು ಎಲೆ ಮಡಿಚಿ ಕೈಗೆ ಕೊಟ್ಟರು. ಬರುವಾಗ ಬಸ್ಸಿನಲ್ಲಿ ಏಳನೆಯ ಕಲಮಿನ ಎದುರು ಏನು ಬರೆಯುವುದೆಂದು ಯೋಚಿಸುತ್ತ ಯಲವಿಗಿಯ ಕಡೆಯ ಬಸ್ಸು ಹತ್ತಿದ್ದೇನೆಂದು ಅರ್ಧ ದಾರಿಯಲ್ಲಿ ತಿಳಿಯಿತು. ಆ ವರ್ಷ ತಪ್ಪಿದ ಬಸ್ಸುಗಳ ಲೆಕ್ಕದಲ್ಲಿ ಇದನ್ನು ಸೇರಿಸಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಉಳಿದದ್ದು ಸಾಕ್ಷಿ. ಅತ್ತೆಯ ಖರೀದಿಪತ್ರಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ರುದ್ರಪ್ಪನವರು, ನಿವೃತ್ತ ಬಸ್ ಕಂಡಕ್ಟರು, ಹಿರೇಕೆರೂರಿನಲ್ಲಿ ಮಗಳ ಮನೆಯಲ್ಲಿದ್ದರು. ಜುಲೈ ಮೊದಲ ಭಾನುವಾರ ಹೋದೆ. ಖರೀದಿಯ ದಿನ ನೋಂದಣಿ ಕಚೇರಿಯಲ್ಲಿ ಒಬ್ಬ ಸಾಕ್ಷಿ ಕಡಿಮೆ ಬಿದ್ದು, ಅತ್ತೆ ನಿಲ್ದಾಣಕ್ಕೆ ಓಡಿ ಬಂದು ಇವರನ್ನು ಬಸ್ಸಿನಿಂದ ಇಳಿಸಿಕೊಂಡು ಹೋಗಿದ್ದಳಂತೆ. ಬಸ್ಸು ತುಂಬ ಜನ ಕಾಯುತ್ತ ಕೂತಿದ್ದರಂತೆ. ಪತ್ರದಲ್ಲಿ ಏನಿತ್ತು, ಓದಿದ್ದಿರಾ ಎಂದು ಕೇಳಿದೆ. ಕಂಡಕ್ಟರು ಪ್ರಯಾಣಿಕರ ಚೀಲದಲ್ಲಿ ಏನಿದೆಯೆಂದು ನೋಡುವುದಿಲ್ಲ, ಟಿಕೇಟು ಕೊಡುತ್ತಾನೆ ಎಂದರು. ನಾನು ಅದನ್ನು ನಿರಾಶೆಯಿಂದ ಬರೆದುಕೊಂಡೆ. ಏಳುವಾಗ ಅವರೇ ತಡೆದರು.

"ಒಂದು ಮಾತು ನೆನಪೈತಿ ನೋಡವಾ," ಎಂದರು. "ಸಹಿ ಆದಮ್ಯಾಲ ನಿಮ್ಮತ್ತಿ ಆ ಕಾಗದ ಎದಿಗೆ ಹಿಡ್ಕೊಂಡು ಕಟ್ಟಿ ಮ್ಯಾಲ ಕುಂತ್ಲು. ಬಸ್ಸು ಬಿಡಬೇಕಾಗೈತಿ, ಏಳವಾ ಅಂದೆ. ಅಕಿ ಹೇಳಿದ್ಲು, ತವರುಮನ್ಯಾಗ ನನ್ನ ಹೆಸರೈತ್ರಿ, ಜಾಗಾ ಇಲ್ಲ. ಗಂಡನ ಮನ್ಯಾಗ ಜಾಗಾ ಐತಿ, ಹೆಸರಿಲ್ಲ. ಎರಡೂ ಒಂದ ಕಡೆ ಸಿಕ್ಕದ್ದು ಇವತ್ತ, ಒಂದೀಟು ಕುಂದರ್ತೇನಿ ಅಂತ. ನಾ ಬಸ್ಸು ಮತ್ತೈದು ಮಿನಿಟು ನಿಲ್ಲಿಸಿದೆ."

ನನ್ನ ಪಟ್ಟಿಯಲ್ಲಿ ಇದಕ್ಕೆ ಕಲಮು ಇರಲಿಲ್ಲ. "ವಿಷಯಕ್ಕೆ ಸಂಬಂಧಿಸದ್ದು" ಎಂದು ಪುಟದ ಕೆಳಗೆ ಬರೆದುಕೊಂಡು ಬಂದೆ. ತವರುಮನೆಯಲ್ಲಿ ಹೆಸರಿದೆ ಎಂದರೆ ಏನೆಂದು ಕೇಳಿಕೊಳ್ಳುವ ಬುದ್ಧಿ, ಗ್ರಂಥಾಲಯದ ಸಹಾಯಕಿಗೆ, ಹದಿನಾಲ್ಕು ಪ್ರಶ್ನೆ ಕೇಳುವವಳಿಗೆ, ಬರಲಿಲ್ಲ.

ಪಂಚಮಿಗೆ ಎಂಟು ದಿನವಿದ್ದಾಗ ಹದಿಮೂರಕ್ಕೂ ಟಿಕ್ ಬಿದ್ದಿತ್ತು. ಹನ್ನೊಂದು ಪ್ರಯಾಣ, ಹತ್ತೊಂಬತ್ತು ಚಹಾ, ಒಂದು ಎಮ್ಮೆ. ಉಳಿದದ್ದು ನನ್ನ ವಿಳಾಸ. ಆಧಾರ್ ಕಾರ್ಡು ಸಾಕು ಎಂದರು ಖಾಜಾಸಾಬರು. ಬೇರೆಯವರ ಎಲ್ಲವನ್ನೂ ಮೂಲದಿಂದ ನೋಡಿದ ಮೇಲೆ ನನ್ನದನ್ನು ಮೇಲಿಂದ ಕೊಡುವುದು ನ್ಯಾಯವಲ್ಲವೆಂದು ನಾನು ಪುರಸಭೆಗೆ ಹೋಗಿ ನಮ್ಮ ಮನೆಯ ಉತಾರ ಕೇಳಿದೆ. ಅಲ್ಲಿನ ಗುಮಾಸ್ತೆ ಮನೆ ಎಲ್ಲಿ ಬರುತ್ತದೆಂದು ಕೇಳಿ, ಪರದೆ ನೋಡಿ, ಮುಂದಿನದು ಬೇಕೋ ಹಿಂದಿನದು ಬೇಕೋ ಎಂದಳು. ಒಂದೇ ಮನೆ ಎಂದೆ. ನಂಬರು ಎರಡಿವೆ ಎಂದಳು. ಹಾಗಿದ್ದರೆ ಎರಡೂ ಕೊಡಿ ಎಂದೆ. ಯಾವ ದಾಖಲೆಯನ್ನೂ ಅರ್ಧ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಮುಂದಿನ ಭಾಗ, ಅಂದರೆ ಪಡಸಾಲೆ, ನಡುಮನೆ, ಅಡುಗೆಮನೆ, ಅಪ್ಪನ ಹೆಸರಿನಲ್ಲಿತ್ತು. ಹಿಂದಿನ ಭಾಗ, ಅಂದರೆ ಒಂದು ಕೋಣೆ ಮತ್ತು ಹಿತ್ತಿಲು, ಶಾಂತತ್ತೆಯ ಹೆಸರಿನಲ್ಲಿತ್ತು. ಅಜ್ಜ ಬದುಕಿದ್ದಾಗಲೇ ಇಬ್ಬರಿಗೂ ಬೇರೆ ಬೇರೆ ಮಾಡಿ ಬರೆಸಿದ್ದ. ಹೆಸರು ಹೇಗೆ ಬಂತೆಂಬ ಕಲಮು ಸ್ಪಷ್ಟವಾಗಿತ್ತು, ಗಡಿ ಸ್ಪಷ್ಟವಾಗಿತ್ತು, ಸಾಲವಿಲ್ಲ, ತಕರಾರಿಲ್ಲ. ನಾಲ್ಕು ತಿಂಗಳಲ್ಲಿ ನಾನು ನೋಡಿದ ಕಾಗದಗಳಲ್ಲಿ, ಎಮ್ಮೆಯದನ್ನು ಬಿಟ್ಟರೆ, ಇಷ್ಟು ಚೊಕ್ಕದ್ದು ಇನ್ನೊಂದಿರಲಿಲ್ಲ. ಹಿಂದಿನ ಆ ಒಂದು ಕೋಣೆ ನನ್ನದು. ಅಂದರೆ, ನಾನು ಇರುವುದು.

ಮನೆಗೆ ಬಂದು ಟೇಪು ಹಿಡಿದು ಅಳೆದೆ. ಅನುಮಾನವೇ ಇರಲಿಲ್ಲ, ಅಡುಗೆಮನೆಯ ಹಿಂದಿನ ಗೋಡೆಯೇ ಗಡಿ. ನನ್ನ ಮಂಚ, ನನ್ನ ಮೇಜು, ಹನ್ನೊಂದು ಡೈರಿಯ ಗೋಡೆಗೂಡು, ಅತ್ತೆಯ ಹಕ್ಕನ್ನು ಪರೀಕ್ಷಿಸುವ ಫೈಲು, ಎಲ್ಲವೂ ಅತ್ತೆಯ ಆಸ್ತಿಯಲ್ಲಿದ್ದವು. ಅವಳ ಒಂದು ಜಾಗ ಅವಳದೇ ಹೌದೋ ಅಲ್ಲವೋ ಎಂದು ನಾನು ಅವಳ ಇನ್ನೊಂದು ಜಾಗದಲ್ಲಿ ಕೂತು ತನಿಖೆ ಮಾಡುತ್ತಿದ್ದೆ.

ಅಪ್ಪನನ್ನು ಕೇಳಿದೆ. ಅಪ್ಪ ಪೇಪರು ಮಡಿಚಲಿಲ್ಲ. ಅದು ಹೆಸರಿಗಷ್ಟೇ ಇರುವುದು, ಅಕ್ಕ ಯಾವತ್ತೋ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದಾಳೆ ಎಂದ.

"ಯಾವಾಗ?"

"ಪಂಚಮಿಗೆ ಬಂದಾಗ."

"ಯಾವ ಪಂಚಮಿಗೆ?"

ಅಪ್ಪ ಪೇಪರಿನ ಪುಟ ತಿರುವಿದ. "ಎಲ್ಲಾ ಪಂಚಮಿಗೂ," ಎಂದ.

ನಮ್ಮ ಕಡೆಯ ಪದ್ಧತಿ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಪಂಚಮಿಗೆ ತಮ್ಮ ಹೋಗಿ ಅಕ್ಕನನ್ನು ಕರೆತರುತ್ತಾನೆ, ಉಂಡಿ ಕಟ್ಟಿ ಕೊಡುತ್ತಾರೆ, ಸೀರೆ ಉಡಿಸುತ್ತಾರೆ, ಅಕ್ಕ ನಾಲ್ಕು ದಿನ ಇದ್ದು ತವರು ತಣ್ಣಗಿರಲಿ ಎಂದು ಹರಸಿ ಹೋಗುತ್ತಾಳೆ. ಆ ಹರಕೆಯನ್ನೇ ಅಪ್ಪ ಮೂವತ್ತು ವರ್ಷದಿಂದ ಹಕ್ಕು ಬಿಟ್ಟುಕೊಟ್ಟ ಪತ್ರವೆಂದು ಓದಿಕೊಂಡು ಬಂದಿದ್ದ. ಒಲೆಯ ಮುಂದಿನಿಂದ ಅವ್ವ, ಸೀರೆ ಆರಿಸಿದ್ದು ತಾನೆಂದೂ, ಅದರಲ್ಲಿ ಮನೆಯ ಮಾತು ಇತ್ತೆಂದು ಗೊತ್ತಿದ್ದರೆ ಇನ್ನೂ ಒಳ್ಳೆಯದನ್ನು ಆರಿಸುತ್ತಿದ್ದೆನೆಂದೂ ಹೇಳಿದಳು.

ಆ ಸಲ ಅತ್ತೆಯನ್ನು ಕರೆತರಲು ಅಪ್ಪನ ಜೊತೆ ನಾನೂ ಹೋದೆ. ದಾರಿಯಲ್ಲಿ ಅಪ್ಪ ಹನ್ನೆರಡು ಸಲ ಕೈಗಡಿಯಾರ ನೋಡಿದ. ಅತ್ತೆ ಬಂದಳು, ಕಾಲು ತೊಳೆದಳು, ಪ್ರತಿ ವರ್ಷದಂತೆ ನೇರವಾಗಿ ನನ್ನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಇಷ್ಟು ವರ್ಷ ನಾನು ಅದನ್ನು ನನ್ನ ಮೇಲಿನ ಪ್ರೀತಿಯೆಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಎದುರಿಗೆ ನಿಂತೆ. ಎರಡು ಉತಾರಗಳನ್ನೂ ಅವಳ ಪಕ್ಕದಲ್ಲಿಟ್ಟೆ. ಅವಳು ಶೇಂಗಾ ಉಂಡಿ ಮುರಿಯುತ್ತ ಅದನ್ನು ಓರೆಗಣ್ಣಿನಿಂದ ನೋಡಿದಳು, ಪರಿಚಯದವರನ್ನು ಬಸ್ಸಿನಲ್ಲಿ ಕಂಡ ಹಾಗೆ.

"ನಿನಗ ಗೊತ್ತಿತ್ತಲ್ಲ ಅತ್ತಿ. ನನಗ್ಯಾಕ ಹೇಳಲಿಲ್ಲ?"

"ನೀ ಕೇಳಿದ್ದ ಹದಿಮೂರು ಪ್ರಶ್ನಿ ನನ್ನ ಮ್ಯಾಲ ಇದ್ದೂ," ಎಂದಳು ಅತ್ತೆ. "ನಿನ್ನ ಮ್ಯಾಲ ಒಂದ. ಅದನ್ನ ಕಡೀಕ ಇಟ್ಕೊಂಡಿದ್ದಿ. ನಾ ಕಾದೆ."

ಪ್ಲಾಟು ಹೋಯಿತೆಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ವರ್ಷ ತನ್ನ ಕೋಣೆಯಲ್ಲಿ ನನ್ನನ್ನು ಮಲಗಲು ಬಿಟ್ಟು, ನಾಲ್ಕು ದಿನ ಅತಿಥಿಯ ಹಾಗೆ ಬಂದು ಮಂಚದ ತುದಿಯಲ್ಲಿ ಕೂತು ಹೋಗುತ್ತಿದ್ದ ಇವಳಿಗೆ, "ಕಾಗದ ಸರಿ ಅದಾವೇನ" ಎಂದು ಕೇಳಿದ ನನ್ನ ಧ್ವನಿ ಕಿವಿಯಲ್ಲಿ ತಿರುಗಿ ತಿರುಗಿ ಬಂತು. ರುದ್ರಪ್ಪನವರ ಮಾತನ್ನು ಯಾವ ಕಲಮಿಗೆ ಬರೆಯಬೇಕಿತ್ತೆಂದು ಆಗ ಗೊತ್ತಾಯಿತು: ಹದಿನಾಲ್ಕನೆಯದಕ್ಕೆ.

ಅಪ್ಪ ಬಾಗಿಲಲ್ಲಿ ನಿಂತಿದ್ದ. ಹೇಗೂ ಖಾಜಾಸಾಬರ ಹತ್ತಿರ ಹೋಗುವುದಿದೆ, ಸುಮಾಳ ಹೆಸರಿಗೆ ಬಕ್ಷೀಸ ಮಾಡುವ ದಿನವೇ ಈ ಹಿಂದಿನ ಕೋಣೆಯದೂ ಒಂದು ಸಹಿ ಆಗಿಬಿಟ್ಟರೆ ಕೆಲಸ ಒಮ್ಮೆಗೇ ಮುಗಿಯುತ್ತದೆ ಎಂದು, ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ, ಆ ಗೋಡೆಗೇ ಹೇಳಿದ ಹಾಗೆ ಹೇಳಿದ.

ಅತ್ತೆ ಕೈ ಒರೆಸಿಕೊಂಡಳು. ಚೀಲದಿಂದ ನಾಲ್ಕಾಗಿ ಮಡಿಚಿದ ಹಾಳೆಯೊಂದನ್ನು ತೆಗೆದು ಬಿಡಿಸಿದಳು. ನನ್ನ ಪಟ್ಟಿ. ಎಣ್ಣೆ ಕಲೆ ಬಿದ್ದಿತ್ತು, ಮಡಿಕೆಯಲ್ಲಿ ಸವೆದಿತ್ತು. ಕೊನೆಯಲ್ಲಿ ಅವಳ ದುಂಡು ಅಕ್ಷರದಲ್ಲಿ ಒಂದು ಸಾಲು ಹೆಚ್ಚಾಗಿತ್ತು: ಈಗ ಸ್ವಾಧೀನದಲ್ಲಿ ಇರುವವರು ಯಾರು? ಯಾವ ಆಧಾರದ ಮೇಲೆ?

"ಅವಸರ ಮಾಡಬ್ಯಾಡೋ ಬಸೂ," ಎಂದಳು. "ನಿನ್ನ ಮಗಳಿಗೆ ನಾಕು ತಿಂಗಳು ಬೇಕಾತು. ನಾನೂ ಈ ಕೋಣಿದು ಎಲ್ಲಾ ತುಂಬಿಸ್ಕೊಂಡು, ನೋಡಿ ಹೇಳ್ತೇನಿ." ಹಾಳೆಯನ್ನು ನನ್ನ ಕೈಗೆ ಕೊಟ್ಟಳು. "ಅಕ್ಷರ ಚಂದಾಗಿ ಬರಿ. ನನ್ನ ಕಣ್ಣಿಗೆ ಸಣ್ಣದು ಕಾಣಂಗಿಲ್ಲ."

ಪಂಚಮಿ ಮುಗಿದ ಮರುದಿನ ನಾವು ಮೂವರೂ ತಗಡಿನ ನೆರಳಿಗೆ ಹೋದೆವು. ಅತ್ತೆ ತನ್ನ ಮಾತಿಗೆ ನಿಂತಳು. ಪಂಚಮಿಯೊಳಗೆ ಒಪ್ಪಿದರೆ ಕೊಡುತ್ತೇನೆಂದಿದ್ದಳು, ನಾನು ಪಂಚಮಿಯ ದಿನ ಉಂಡಿ ತಟ್ಟೆ ಎತ್ತುವಾಗ ಒಪ್ಪಿದ್ದೆ. ಖಾಜಾಸಾಬರು ಪತ್ರ ಮುದ್ರಿಸಿ ನನ್ನ ಮುಂದಿಟ್ಟು, "ಓದವ್ವಾ, ಪುರಸೊತ್ತಿನಿಂದ ಓದು," ಎಂದು ಚಹಾಕ್ಕೆ ಹೇಳಿ ಹಿಂದಕ್ಕೆ ಒರಗಿ ಕೂತರು. ಸಂಜೆಯ ತನಕ ಕಾಯಲು ಸಿದ್ಧರಾಗಿ ಬಂದಂತಿತ್ತು. ನಾನು ಓದಿದೆ. ಒಂದೇ ಸಲ. "ಸಂತೋಷದಿಂದ ಸ್ವೀಕರಿಸಿರುತ್ತೇನೆ" ಎಂಬಲ್ಲಿ ಸಹಿ ಹಾಕಿದೆ. ಇಪ್ಪತ್ತನೆಯ ಚಹಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅಕ್ಕಿಆಲೂರಿನಲ್ಲಿ ಎಂಟು ಟೇಪು ಉದ್ದ, ಆರು ಟೇಪು ಅಗಲದ ನೆಲ ನನ್ನ ಹೆಸರಿನಲ್ಲಿದೆ. ಉತ್ತರಕ್ಕೆ ಒಂದು ಬೇವಿನ ಸಸಿ ನೆಟ್ಟಿದ್ದೇನೆ. ಮನೆ ಯಾವಾಗ ಏಳುತ್ತದೋ ಗೊತ್ತಿಲ್ಲ. ಸದ್ಯಕ್ಕೆ ಅಲ್ಲಿ ನನಗೆ ಹೆಸರಿದೆ, ಕೂರಲು ಜಾಗವಿಲ್ಲ. ಇಲ್ಲಿ ಜಾಗವಿದೆ, ಹೆಸರಿಲ್ಲ.

ಅತ್ತೆಯ ಹಾಳೆಯನ್ನು ಅದೇ ವಾರ ತುಂಬಿದೆ. ಹದಿನಾಲ್ಕು ಕಲಮಿಗೆ ತೊಂದರೆಯಾಗಲಿಲ್ಲ. ಹದಿನೈದನೆಯದಕ್ಕೆ ಎರಡು ಕರಡು ಮಾಡಿದೆ. ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದೆ: "ಸ್ವಾಧೀನದಲ್ಲಿ ಇರುವವರು: ಸುಮಾ. ಆಧಾರ: ಅತ್ತೆ ಇದುವರೆಗೆ ಏನೂ ಕೇಳಿಲ್ಲ." ಅಕ್ಕಿಆಲೂರಿಗೆ ಹೋಗಿ ಕೈಯಾರೆ ಕೊಟ್ಟುಬಂದೆ, ಕೊಟ್ಟ ದಿನವನ್ನು ಬರೆದುಕೊಂಡೆ. ಹತ್ತು ದಿನಕ್ಕೆ ಅದು ಹೊಸ ಕುಬಸವೊಂದರ ಮಡಿಕೆಯೊಳಗೆ ನನಗೇ ಮರಳಿ ಬಂತು. ನನ್ನ ಉತ್ತರದ ಮೇಲೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ, ಎರಡು ಸಾಲು ಇತ್ತು: "ಆಧಾರ ಸಾಲದು. ಸದ್ಯಕ್ಕ ಇರಲಿ."

ಇಷ್ಟು ಮಹತ್ವದ ಕಾಗದವನ್ನು ಜೋಪಾನವಾಗಿ ಎಲ್ಲಿಡುವುದೆಂದು ಕೋಣೆಯ ತುಂಬ ಹುಡುಕಿದೆ. ಕೊನೆಗೆ ಗೋಡೆಗೂಡಿನಲ್ಲಿ, ಹನ್ನೊಂದು ಡೈರಿಗಳ ಮೇಲೆ, ಅತ್ತೆಯ ಅಪ್ಪಣೆ ಕೇಳದೆ ಇಟ್ಟೆ.